ಹದಿಮೂರನೇ ಸ್ವರದಲ್ಲಿ ತಪ್ಪಿದ ಲೆಕ್ಕ

ಹಾರ್ಮೋನಿಯಂನ ಕಪ್ಪು ಮನೆಗಳನ್ನಷ್ಟೇ ಸುಮ್ನೆ ಒತ್ತುತ್ತಾ ಹೋಗಿ. ಚೀನೀ ಸಂಗೀತ ಕೇಳಿದ ಹಾಗಾಗುತ್ತದೆ. ನಮ್ಮ ಮೋಹನ ರಾಗವೂ ಅಲ್ಲೇ ಸಿಗುತ್ತದೆ. ಅವರ ಐದು ಸ್ವರಗಳಾದ ಗೊಂಗ್, ಶಾಂಗ್, ಜ್ಯುಎ, ಝಿ, ಯು ಅಂದರೆ ನಮ್ಮ ಸ ರಿ ಗ ಪ ದ. ಶಾಂಗನ್ನೇ ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, ಜ್ಯುಎಯಿಂದ ಹೊರಟರೆ ಹಿಂದೋಳ. ನಾವು ಗ್ರಹಭೇದ ಅನ್ನುವುದನ್ನು ಅವರು ಐದು ಧಾಟಿಗಳಾಗಿ ಎಣಿಸುತ್ತಾರೆ. ಗಮಕ ಮಾತ್ರ ಬೇರೆ, ಕಿವಿ ಮೋಸಹೋಗುವುದಿಲ್ಲ ಬಿಡಿ.

ಈ ಐದು ಸ್ವರ ಹೇಗೆ ಹುಟ್ಟಿದವು? ಕ್ರಿ.ಪೂ. 3ನೇ ಶತಮಾನದ ಚೀನೀ ಗ್ರಂಥಗಳಲ್ಲೇ ಲೆಕ್ಕ ಇದೆ. 81 ಪಾಲು ಉದ್ದದ ತಂತಿ ಷಡ್ಜ ಅಂದುಕೊಳ್ಳಿ. ಮೂರನೇ ಒಂದು ಭಾಗ ಕಳೆದರೆ 54, ಅದು ಪಂಚಮ. 54ಕ್ಕೆ ಅದರದೇ ಮೂರನೇ ಒಂದು ಭಾಗ ಸೇರಿಸಿದರೆ 72, ರಿಷಭ. ಮತ್ತೆ ಕಳೆದರೆ 48, ಧೈವತ. ಸೇರಿಸಿದರೆ 64, ಗಾಂಧಾರ. 81ನ್ನೇ ಹಿಡಿದದ್ದು ಯಾಕೆ ಅಂತ ಗೊತ್ತಾಯ್ತಲ್ವಾ? ಎಲ್ಲೂ ಭಿನ್ನರಾಶಿಯ ಕಾಟವಿಲ್ಲ.

ಹೀಗೇ ಮುಂದುವರಿದರೆ 12 ಸ್ವರಸ್ಥಾನ ಸಿಗುತ್ತವೆ. ಹದಿಮೂರನೆಯದು ಮತ್ತೆ ಷಡ್ಜಕ್ಕೆ ಬರಬೇಕು. ಬರುವುದಿಲ್ಲ. ಅರ್ಧ ಸ್ವರದ ಕಾಲು ಭಾಗದಷ್ಟು ಮೇಲೆ ನಿಲ್ಲುತ್ತದೆ.

ಕೇಳುವವರಿಗೆ ಇದು ಸಣ್ಣ ವಿಷಯ. ಚೀನಾದ ಅರಮನೆಗೆ ಅಲ್ಲ. ಆಧಾರ ಶ್ರುತಿಯ ಕೊಳವೆಯೇ ಅಲ್ಲಿ ಉದ್ದ, ಅಳತೆಗಳಿಗೂ ಮಾನದಂಡವಾಗಿತ್ತು. ಶ್ರುತಿ ತಪ್ಪಿದರೆ ರಾಜ್ಯವೂ ಹಳಿ ತಪ್ಪುತ್ತದೆ ಎಂಬ ನಂಬಿಕೆ ಬೇರೆ. 1978ರಲ್ಲಿ ಹುಬೇ ಪ್ರಾಂತ್ಯದಲ್ಲಿ ಝೆಂಗ್ ರಾಜ್ಯದ ದೊರೆ ಯಿಯ ಸಮಾಧಿ ಅಗೆದಾಗ 65 ಕಂಚಿನ ಗಂಟೆಗಳು ಸಿಕ್ಕವು. ಕ್ರಿ.ಪೂ. 433ರ ಆಸುಪಾಸಿನವು. ಒಂದೊಂದು ಗಂಟೆಯೂ ನಡುವೆ ಹೊಡೆದರೆ ಒಂದು ಸ್ವರ, ಪಕ್ಕಕ್ಕೆ ಹೊಡೆದರೆ ಇನ್ನೊಂದು ಸ್ವರ ಕೊಡುತ್ತದೆ. ಸ್ವರದ ಹೆಸರುಗಳನ್ನೂ ಗಂಟೆಯ ಮೇಲೇ ಕೆತ್ತಿದ್ದಾರೆ. ಶ್ರುತಿಗಾಗಿ ಇಷ್ಟು ತಲೆಕೆಡಿಸಿಕೊಂಡವರು ಆ ಕಾಲು ಭಾಗವನ್ನು ಸುಮ್ಮನೆ ಬಿಟ್ಟಾರೆಯೇ?

ಹಾನ್ ರಾಜವಂಶದ ಕಾಲದ ಜಿಂಗ್ ಫಾಂಗ್ 60 ಸ್ವರಗಳವರೆಗೆ ಲೆಕ್ಕ ಎಳೆದ. 53 ಮೆಟ್ಟಿಲು ದಾಟಿದಾಗ ಷಡ್ಜ ಹತ್ತಿರ ಬಂತು, ಆದರೂ ಕೂಡಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಮಿಂಗ್ ರಾಜವಂಶದ ರಾಜಕುಮಾರ ಜೂ ಝೈಯು. ಮೂರರ ಭಾಗಾಕಾರವನ್ನೇ ಕೈಬಿಟ್ಟು, ಸ್ಥಾಯಿಯನ್ನು 12 ಸಮ ಮೆಟ್ಟಿಲುಗಳಾಗಿ ಕತ್ತರಿಸಿದ. ಅದಕ್ಕೆ 2ರ ಹನ್ನೆರಡನೇ ಮೂಲ ಬೇಕು, ಅಂದರೆ ಹನ್ನೆರಡು ಸಲ ಗುಣಿಸಿದರೆ 2 ಆಗುವ ಸಂಖ್ಯೆ. ಅದನ್ನು ಮಣಿಚೌಕಟ್ಟು (ಅಬಾಕಸ್) ಹಿಡಿದು ಹತ್ತಾರು ಅಂಕಿಗಳವರೆಗೆ ಲೆಕ್ಕ ಹಾಕಿದ. ಅದು 1584ರ ಮಾತು. ಈಗಿನ ಕೀಬೋರ್ಡ್‌ಗಳ ಶ್ರುತಿಯೂ ಇದೇ.

ಆಸ್ಥಾನ ಆ ಲೆಕ್ಕವನ್ನು ಮೂಲೆಗೆ ಸರಿಸಿತು. ಏಳು ತಂತಿಯ ಗುಚಿನ್ ವಾದ್ಯದ ಮೇಲಿನ 13 ಚುಕ್ಕಿಗಳು ಇಂದಿಗೂ ತಂತಿಯ ಅರ್ಧ, ಮೂರನೇ ಒಂದು, ಕಾಲು ಭಾಗದಂಥ ಜಾಗಗಳಲ್ಲೇ ಇವೆ, ಆ ಸಮ ಮೆಟ್ಟಿಲುಗಳಲ್ಲಿ ಅಲ್ಲ.