ಮೊದಲ ಐದು ಕಿಲೋಮೀಟರ್‌ನ ಲೆಕ್ಕ

ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. ಮೂರು ತಿಂಗಳು ವಾರಕ್ಕೆ 30–35 ಕಿ.ಮೀ. ಓಡಿ, ಓಟಕ್ಕೆ ಎರಡು–ಮೂರು ವಾರ ಇರುವಾಗ ಒಮ್ಮೆ 16–18 ಕಿ.ಮೀ. ಮುಗಿಸಿದವರ ಕಾಲು ಈ ದೂರವನ್ನು ತಾಳಿಕೊಳ್ಳುತ್ತದೆ. ಅಂಥವರೂ ಓಟದ ದಿನ 16ನೇ ಕಿಲೋಮೀಟರ್ ಆಸುಪಾಸಿನಲ್ಲಿ ಸೋತು ನಡೆಯತೊಡಗುತ್ತಾರೆ. ತಪ್ಪು ಆಗಿರುವುದು ಬಹುತೇಕ ಮೊದಲ ಐದು ಕಿಲೋಮೀಟರ್‌ನಲ್ಲಿ.

ಎರಡೂವರೆ ಗಂಟೆಯ ಗುರಿ ಇಟ್ಟುಕೊಂಡಿದ್ದೀರಿ ಎನ್ನಿ. ಆಗ ಕಿಲೋಮೀಟರಿಗೆ ಸುಮಾರು 7 ನಿಮಿಷ 6 ಸೆಕೆಂಡಿನ ಪೇಸ್ ಬೇಕು. ನಸುಕಿನ ತಂಪು, ಸುತ್ತ ಜನ, ಡೋಲಿನ ಸದ್ದು; ಆ ಹುಮ್ಮಸ್ಸಿನಲ್ಲಿ 6:30ರಲ್ಲಿ ಓಡಿದರೂ ಆಯಾಸ ತಿಳಿಯುವುದಿಲ್ಲ. ಐದು ಕಿಲೋಮೀಟರ್‌ಗೆ ಮೂರು ನಿಮಿಷ ಉಳಿಯಿತು. ಆದರೆ ವೇಗ ಹೆಚ್ಚಿದಷ್ಟೂ ಸ್ನಾಯುಗಳು ಕೊಬ್ಬಿಗಿಂತ ಗ್ಲೈಕೋಜನ್ನನ್ನೇ (ಮೈಯಲ್ಲಿ ಮಿತವಾಗಿ ಕೂಡಿಟ್ಟ ಸಕ್ಕರೆ) ಹೆಚ್ಚು ಸುಡುತ್ತವೆ, ಮೈ ಬೇಗ ಬಿಸಿಯಾಗುತ್ತದೆ. ಕೊನೆಯ ಐದು ಕಿಲೋಮೀಟರ್ ನಡೆಯಬೇಕಾಗಿ ಬಂದರೆ, ಚುರುಕಾಗಿ ನಡೆದರೂ ಕಿಲೋಮೀಟರಿಗೆ 10 ನಿಮಿಷ. ಮೂರು ನಿಮಿಷ ಉಳಿಸಲು ಹೋಗಿ ಹದಿನಾಲ್ಕೂವರೆ ನಿಮಿಷ ಕಳೆದ ಹಾಗಾಯಿತು.

ಬದಲಿಗೆ ಮೊದಲ ಮೂರು ಕಿಲೋಮೀಟರ್ 7:20ರಲ್ಲಿ ಓಡಿ. ಹಿಂದೆ ಬೀಳುವುದು 42 ಸೆಕೆಂಡ್ ಮಾತ್ರ. ಮುಂದಿನ 14 ಕಿಲೋಮೀಟರ್‌ನಲ್ಲಿ ಒಂದೊಂದಕ್ಕೆ ಮೂರು ಸೆಕೆಂಡ್‌ನಂತೆ ಅದು ತೀರುತ್ತದೆ. ಪಕ್ಕದವರೊಡನೆ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಬೆಂಗಳೂರಿನಂಥ ಏರಿಳಿತದ ಊರಲ್ಲಿ ಫ್ಲೈಓವರ್ ಹತ್ತುವಾಗ ಗಡಿಯಾರ ನೋಡಬೇಡಿ. ಹೆಜ್ಜೆ ಚಿಕ್ಕದು ಮಾಡಿ, ಉಸಿರಾಟದ ಲಯ ಹಾಗೇ ಉಳಿಸಿಕೊಳ್ಳಿ. ಇಳಿಯುವಾಗಲೂ ದಾಪುಗಾಲು ಬೇಡ. ಅದು ತೊಡೆಯ ಮುಂಭಾಗದ ಸ್ನಾಯುವನ್ನು ಹಣ್ಣು ಮಾಡುತ್ತದೆ.

ಜಿಪಿಎಸ್ ಗಡಿಯಾರ ಕೊನೆಗೆ 21.3 ಅಥವಾ 21.4 ತೋರಿಸಿದರೆ ದಾರಿ ಉದ್ದವಾಗಿತ್ತು ಎಂದಲ್ಲ. ನಿಯಮದ ಪ್ರಕಾರ ದಾರಿಯನ್ನು ಅಳೆಯುವುದು ತಿರುವುಗಳ ಒಳಅಂಚಿನಿಂದ 30 ಸೆಂ.ಮೀ. ಬಿಟ್ಟು, ಅತಿ ಹತ್ತಿರದ ಗೆರೆಯಲ್ಲಿ. ಗುಂಪಿನಲ್ಲಿ ಆ ಗೆರೆ ಹಿಡಿದು ಓಡಲು ಯಾರಿಗೂ ಆಗದು. ಹಾಗಾಗಿ ರಸ್ತೆ ಬದಿಯ ಕಿಲೋಮೀಟರ್ ಫಲಕ ನೋಡಿ ಪೇಸ್ ಲೆಕ್ಕ ಹಾಕಿ.

ಇನ್ನು ನೀರು. ಕಡಿಮೆ ಕುಡಿದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಹೆಚ್ಚು ಕುಡಿದರೂ ಅಪಾಯ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮೂರು ಗಂಟೆ ತೆಗೆದುಕೊಳ್ಳುವ ನಿಧಾನದ ಓಟಗಾರರು ಬಾಯಾರಿಕೆ ಇರಲಿ ಬಿಡಲಿ, ದಾರಿಬದಿಯ ಪ್ರತಿ ನೀರಿನ ಮೇಜಿನಲ್ಲೂ ಎರಡೆರಡು ಲೋಟ ಬರೀ ನೀರು ಕುಡಿದರೆ ರಕ್ತದ ಸೋಡಿಯಂ (ಉಪ್ಪಿನಂಶ) ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯಬಹುದು. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು, ಕೊನೆಗೆ ಗೊಂದಲ: ಇವು ಅದರ ಗುರುತು. ಇದನ್ನು ನಿರ್ಜಲೀಕರಣ ಎಂದು ತಪ್ಪು ತಿಳಿದು ಮತ್ತಷ್ಟು ನೀರು ಕುಡಿಸಿದರೆ ಜೀವಕ್ಕೇ ಕುತ್ತು.

ನಿಮ್ಮ ಅಳತೆ ನೀವೇ ಕಂಡುಕೊಳ್ಳಿ. ಅಭ್ಯಾಸದ ದಿನ ಒಂದು ಗಂಟೆ ಏನೂ ಕುಡಿಯದೆ ಓಡಿ, ಮೊದಲು ಮತ್ತು ನಂತರ ಬೆವರು ಒರೆಸಿಕೊಂಡು ತೂಕ ನೋಡಿ. ಅರ್ಧ ಕೆ.ಜಿ. ಇಳಿದಿದ್ದರೆ ಸುಮಾರು ಅರ್ಧ ಲೀಟರ್ ಬೆವರು ಹೋಗಿದೆ. ಗಂಟೆಗೆ ಅದಕ್ಕಿಂತ ಹೆಚ್ಚು ಕುಡಿಯಬೇಡಿ. ಬಾಯಾರಿಕೆಯ ಮಾತು ಕೇಳಿ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಬೆವರು ಆರದೆ ಮೈಮೇಲೇ ಸುರಿಯುತ್ತದೆ, ದೇಹ ತಣಿಯುವುದಿಲ್ಲ. ಅಲ್ಲಿ ನೀರಿನ ಚಿಂತೆಗೂ ಮೊದಲು ವೇಗ ಇಳಿಸಿ. ಓಆರ್‌ಎಸ್ ಒಯ್ಯುವವರು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಒಂದು ಲೀಟರಿನ ಪೊಟ್ಟಣವನ್ನು ಚಿಕ್ಕ ಬಾಟಲಿಗೆ ಸುರಿದರೆ ಹೊಟ್ಟೆ ಕೆಡುತ್ತದೆ.

ಊಟದ ವಿಷಯದಲ್ಲಿ ಹೊಸತೇನೂ ಬೇಡ. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು. ರಾಗಿ ಮುದ್ದೆ, ಮೊಳಕೆ ಕಾಳಿನ ಉಸಲಿ ಉಳಿದ ದಿನಗಳಿಗೆ ಒಳ್ಳೆಯವು. ಅವುಗಳ ನಾರಿನಂಶ ಓಟದ ನಡುವೆ ಶೌಚಾಲಯ ಹುಡುಕಿಸುತ್ತದೆ. ಬೆಳಿಗ್ಗೆ ಓಟಕ್ಕೆ ಎರಡು ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು. ಕಾಯಿಚಟ್ನಿ ಬೇಡ, ಕೊಬ್ಬು ನಿಧಾನಕ್ಕೆ ಜೀರ್ಣವಾಗುತ್ತದೆ. ಕಾಫಿ ರೂಢಿಯಿದ್ದವರು ಕುಡಿಯಬಹುದು.

ಬಿಬ್ (ಎದೆಗೆ ಅಂಟಿಸಿಕೊಳ್ಳುವ ಸಂಖ್ಯೆಯ ಚೀಟಿ) ಜೊತೆ ಕೊಟ್ಟ ಹೊಸ ಟೀ ಶರ್ಟನ್ನು ಅಂದೇ ತೊಡಬೇಡಿ. ಕಂಕುಳು, ತೊಡೆಸಂದಿಗೆ ವ್ಯಾಸಲಿನ್ ಹಚ್ಚಿ. ಶೂ ಕನಿಷ್ಠ 50 ಕಿ.ಮೀ. ಓಡಿದ್ದಿರಲಿ, ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಲಿ.

ಒಂದು ಅಭ್ಯಾಸವನ್ನು ದಯವಿಟ್ಟು ಬಿಡಿ: ಮಂಡಿ ನೋಯದಿರಲೆಂದು ಓಟಕ್ಕೆ ಮೊದಲೇ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವುದು. ಓಡುವಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತ ಹೇಗೂ ತಗ್ಗಿರುತ್ತದೆ. ಈ ಮಾತ್ರೆಗಳು ಅದನ್ನು ಇನ್ನೂ ತಗ್ಗಿಸುತ್ತವೆ. ಆ ವಾರ ಜ್ವರ ಬಂದಿದ್ದರೆ ಓಟವನ್ನೇ ಬಿಡಿ. ವೈರಸ್ ಸೋಂಕು ಹೃದಯದ ಸ್ನಾಯುವಿಗೂ ತಗುಲಿರಬಹುದು, ಅಂಥ ಹೃದಯದ ಮೇಲೆ ಎರಡು ಗಂಟೆಯ ಹೊರೆ ಹೇರಬಾರದು. ಎದೆನೋವು, ಕಣ್ಣು ಕತ್ತಲಾಗುವುದು ಕಂಡರೆ ಅಲ್ಲೇ ನಿಂತು ನೆರವು ಕೇಳಿ.

ಗೆರೆ ದಾಟಿದ ಮೇಲೆ ತಟ್ಟನೆ ನಿಲ್ಲಬೇಡಿ. ಓಡುವಾಗ ಮೀನಖಂಡಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ನಿಂತೊಡನೆ ಆ ಪಂಪು ನಿಂತು, ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ಹತ್ತು ನಿಮಿಷ ನಡೆಯುತ್ತಿರಿ. ಯಾರಾದರೂ ಕುಸಿದರೆ ಎತ್ತಿ ನಿಲ್ಲಿಸದೆ ಅಂಗಾತ ಮಲಗಿಸಿ, ಕಾಲು ಎತ್ತರಿಸಿ. ಎರಡು–ಮೂರು ನಿಮಿಷದಲ್ಲಿ ಚೇತರಿಸದಿದ್ದರೆ, ಮಾತು ತಡವರಿಸುತ್ತಿದ್ದರೆ ವೈದ್ಯರನ್ನು ಕರೆಯಿರಿ, ಅಲ್ಲಿಯವರೆಗೆ ಬಾಯಿಗೆ ನೀರು ಹಾಕಬೇಡಿ.