ಬೆರಕೆಯ ಬಿಳಿ ವೈನ್: ವಿಯೆನ್ನಾದ ಅಕ್ಕಡಿಯಿಂದ ಕೊಪ್ಪಳದ ಚಾಟ್ನಿಯವರೆಗೆ

ಬೆರಕೆ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಹಾಲಿಗೆ ನೀರು, ತುಪ್ಪಕ್ಕೆ ವನಸ್ಪತಿ, ಕಾಳುಮೆಣಸಿಗೆ ಪಪ್ಪಾಯಿ ಬೀಜ ಸೇರಿದಾಗ ಬಳಸುವ ಪದ ಅದು. ಹೀಗಾಗಿ ಒಂದೇ ಬಾಟಲಿಯ ಮೇಲೆ ಐದು ಜಾತಿಯ ದ್ರಾಕ್ಷಿಯ ಹೆಸರು ಕಂಡರೆ, ಉಳಿದುಬಿದ್ದದ್ದನ್ನೆಲ್ಲ ಸುರಿದು ತುಂಬಿಸಿರಬೇಕೆಂಬ ಅನುಮಾನ ಮೊದಲು ಬರುತ್ತದೆ. ವೈನಿನ ಚರಿತ್ರೆ ನೋಡಿದರೆ ಮಾತು ತಿರುಗುಮುರುಗು. ಹಲವು ದ್ರಾಕ್ಷಿಗಳನ್ನು ಕೂಡಿಸುವುದು ಹಳೆಯ ಪದ್ಧತಿ. ಒಂದೇ ಜಾತಿಯ ಹೆಸರು ಹೊತ್ತ ಬಾಟಲಿ ಮಾರುಕಟ್ಟೆಯನ್ನು ಆಳತೊಡಗಿದ್ದು ಕಳೆದ ಶತಮಾನದಲ್ಲಿ.

ಕೊಪ್ಪಳ, ರಾಯಚೂರು ಕಡೆಯ ಒಣಭೂಮಿಯ ರೈತರಿಗೆ ಈ ಹಳೆಯ ಪದ್ಧತಿಯನ್ನು ಹೆಚ್ಚು ವಿವರಿಸಬೇಕಿಲ್ಲ. ಜೋಳದ ನಡುವೆ ತೊಗರಿ, ಹೆಸರು, ಅಲಸಂದೆಯನ್ನು ಅಕ್ಕಡಿ ಹಾಕುವುದು ರುಚಿಗಾಗಿ ಅಲ್ಲ, ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕದಿಂದ. ಯುರೋಪಿನ ದ್ರಾಕ್ಷಿ ಬೆಳೆಗಾರರೂ ಇದನ್ನೇ ಮಾಡುತ್ತಿದ್ದರು. ಹೂ ಬಿಡುವ ಕಾಲಕ್ಕೆ ಚಳಿ ಹೊಡೆದರೆ ಮೊದಲು ಹೂ ಬಿಟ್ಟ ಜಾತಿ ಹೋಗುತ್ತದೆ, ತಡವಾಗಿ ಹೂ ಬಿಡುವುದು ಬದುಕುತ್ತದೆ. ಕೊಯ್ಲು ಮಾತ್ರ ಒಂದೇ ದಿನ. ಅಂದು ಕೆಲವು ಗೊಂಚಲು ಮಾಗಿ ಸಕ್ಕರೆ ತುಂಬಿಕೊಂಡಿರುತ್ತವೆ, ಕೆಲವು ಇನ್ನೂ ಹುಳಿಯಾಗಿರುತ್ತವೆ. ಎಲ್ಲವನ್ನೂ ಕೂಡಿಯೇ ಹಿಂಡಿ, ಕೂಡಿಯೇ ಹುದುಗಿಸುತ್ತಾರೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ನಗರದ ಎಲ್ಲೆಯೊಳಗಿನ ತೋಟಗಳಲ್ಲಿ ಈ ಕ್ರಮ ಇಂದಿಗೂ ಇದೆ. ಅದರ ಹೆಸರು ಗೆಮಿಷ್ಟರ್ ಸಾಟ್ಸ್. 2013ರಲ್ಲಿ ಅದಕ್ಕೆ ಕಾನೂನಿನ ಚೌಕಟ್ಟು ಸಿಕ್ಕಿತು: ಒಂದೇ ತೋಟದಲ್ಲಿ ಕನಿಷ್ಠ ಮೂರು ಬಿಳಿ ಜಾತಿಗಳು ಕಲೆತು ಬೆಳೆದಿರಬೇಕು, ಯಾವುದೂ ಶೇ 50ನ್ನು ಮೀರಬಾರದು, ಮೂರನೆಯದು ಶೇ 10ಕ್ಕಿಂತ ಕಡಿಮೆ ಇರಬಾರದು.

ಇಂಥ ತೋಟಗಳು ಬಹುಪಾಲು ಅಳಿದುಹೋದದ್ದಕ್ಕೆ ಮುಖ್ಯ ಕಾರಣ ಒಂದು ಸಣ್ಣ ಕೀಟ. ಅಮೆರಿಕದಿಂದ ಬಂದ ಫಿಲೊಕ್ಸೆರಾ 1860ರ ದಶಕದಲ್ಲಿ ಫ್ರಾನ್ಸಿನ ರೋನ್ ನದಿಯ ಕೆಳಕಣಿವೆಯಲ್ಲಿ ಕಾಣಿಸಿಕೊಂಡು, ಬೇರನ್ನು ತಿನ್ನುತ್ತ ಯುರೋಪಿನ ತೋಟಗಳನ್ನು ಒಣಗಿಸಿತು. ಕೀಟವನ್ನು ತಾಳಬಲ್ಲ ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ದ್ರಾಕ್ಷಿಯ ಕಸಿ ಕಟ್ಟುವುದೊಂದೇ ಉಪಾಯವಾಯಿತು. (ನಮ್ಮ ಭಾಗದ ದ್ರಾಕ್ಷಿ ತೋಟಗಳಲ್ಲಿ ಬರ ಮತ್ತು ಸವಳು ತಾಳಲೆಂದು ಹಾಕುವ ಡಾಗ್‌ರಿಡ್ಜ್ ಬೇರು ಕೂಡ ಅಮೆರಿಕದ್ದೇ.) ಮೊದಲು ಬಳ್ಳಿಯನ್ನು ಬಾಗಿಸಿ ಮಣ್ಣಲ್ಲಿ ಹೂತು ಹೊಸ ಗಿಡ ಮಾಡುತ್ತಿದ್ದರಿಂದ ತೋಟ ತನ್ನಷ್ಟಕ್ಕೆ ಕಲಸುಮೇಲೋಗರವಾಗಿರುತ್ತಿತ್ತು. ಕಸಿ ಸಸಿಗಳು ನರ್ಸರಿಯಿಂದ ಬರತೊಡಗಿದ ಮೇಲೆ ಜಾತಿಗೊಂದು ಸಾಲು, ಸಾಲಿಗೊಂದು ಲೆಕ್ಕ ಎಂಬ ಶಿಸ್ತು ಬಂತು.

ಎರಡನೆಯ ಪೆಟ್ಟು ಲೇಬಲ್ಲಿನದು. ಅಮೆರಿಕದ ವೈನ್ ವ್ಯಾಪಾರಿ ಫ್ರಾಂಕ್ ಸ್ಕೂನ್‌ಮೇಕರ್, ಫ್ರಾನ್ಸಿನ ಊರುಗಳ ಹೆಸರನ್ನು ಎರವಲು ಪಡೆಯುವುದು ಬಿಟ್ಟು ದ್ರಾಕ್ಷಿಯ ಜಾತಿಯನ್ನೇ ಬಾಟಲಿಯ ಮೇಲೆ ಬರೆಯಿರಿ ಎಂದು 20ನೆಯ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯಾದವರಿಗೆ ಒತ್ತಿ ಹೇಳಿದ. ಸಲಹೆ ಪ್ರಾಮಾಣಿಕವಾದದ್ದೇ, ಆದರೆ ಅದರಿಂದ ಹೆಸರಿಲ್ಲದ ಬೆರಕೆ ಅಗ್ಗದ ಮಾಲು ಎನಿಸಿಕೊಂಡಿತು. ವಿಚಿತ್ರವೆಂದರೆ ಒಂದೇ ಜಾತಿಯ ಹೆಸರು ಹೊತ್ತ ವೈನ್ ಕೂಡ ಒಂಟಿಯಾಗಿರಬೇಕಿಲ್ಲ. ಅಮೆರಿಕದಲ್ಲಿ ಶೇ 75, ಯುರೋಪಿಯನ್ ಒಕ್ಕೂಟದಲ್ಲಿ ಶೇ 85 ಆ ಜಾತಿ ಇದ್ದರೆ ಕಾನೂನಿಗೆ ಸಾಕು.

ಬೆರಕೆಯ ಮಾನ ಪೂರ್ತಿ ಹೋಗಲಿಲ್ಲ. ಫ್ರಾನ್ಸಿನ ಶಾಟೊನೆಫ್-ದ್ಯು-ಪಾಪ್‌ನಲ್ಲಿ 1936ರ ನಿಯಮವೇ 13 ಜಾತಿಗಳಿಗೆ ಅವಕಾಶ ಕೊಟ್ಟಿತ್ತು. ಅಲ್ಲಿನ ಬಿಳಿ ವೈನ್ ಒಟ್ಟು ಉತ್ಪಾದನೆಯ ಚಿಕ್ಕ ಪಾಲಾದರೂ ಗ್ರೆನಾಶ್ ಬ್ಲಾಂಕ್, ಕ್ಲೆರೆಟ್, ರೂಸಾನ್, ಬೂರ್ಬುಲೆಂಕ್‌ಗಳ ಕೂಟ. ಇಟಲಿಯ ಈಶಾನ್ಯ ಮೂಲೆಯಲ್ಲಿ ಸಿಲ್ವಿಯೊ ಯೆರ್ಮನ್ 1975ರಲ್ಲಿ ವಿಂಟೇಜ್ ತುನಿನಾ ಎಂಬ ಬಿಳಿ ವೈನ್ ಮಾಡಿದಾಗ ಸೊವಿನ್ಯೊ, ಶಾರ್ಡೊನೆಗಳ ಜೊತೆ ರಿಬೊಲ್ಲಾ, ಮಾಲ್ವಾಸಿಯಾ, ಪಿಕೊಲಿತ್ ಎಂಬ ಸ್ಥಳೀಯ ಜಾತಿಗಳನ್ನು ಸೇರಿಸಿದ. ಕ್ಯಾಲಿಫೋರ್ನಿಯಾದ ವಾಗ್ನರ್ ಕುಟುಂಬ 1989ರಲ್ಲಿ ತನ್ನ ಬೆರಕೆಗೆ ‘ಕನಂಡ್ರಂ’, ಅಂದರೆ ಒಗಟು, ಎಂದೇ ಹೆಸರಿಟ್ಟಿತು. ಅದರಲ್ಲಿ ಶಾರ್ಡೊನೆ ಮೈ ತುಂಬುತ್ತದೆ, ಸೊವಿನ್ಯೊ ಬ್ಲಾಂಕ್ ಹುಳಿಯ ಚುರುಕು ಕೊಡುತ್ತದೆ, ಮಸ್ಕತ್ ಮತ್ತು ವಿಯೊನ್ಯೆ ಹೂವಿನ, ಏಪ್ರಿಕಾಟಿನ ಪರಿಮಳ ತರುತ್ತವೆ, ಸೆಮಿಯೋನ್ ಇವನ್ನೆಲ್ಲ ನಯವಾಗಿ ಹೊಂದಿಸುತ್ತದೆ. ವಿಯೆನ್ನಾದ ಪದ್ಧತಿಗೂ ಇದಕ್ಕೂ ಇರುವ ಅಂತರ ಚಿಕ್ಕದಲ್ಲ: ಅಲ್ಲಿ ಪ್ರಮಾಣವನ್ನು ತೋಟ ತೀರ್ಮಾನಿಸುತ್ತದೆ, ಇಲ್ಲಿ ಪ್ರತಿ ಜಾತಿಯೂ ಬೇರೆ ಟ್ಯಾಂಕಿನಲ್ಲಿ ಹುದುಗಿ, ಕೊನೆಗೆ ನಾಲಗೆ ಹೇಳಿದಂತೆ ಕೂಡುತ್ತದೆ. ಮೊದಲನೆಯದು ಅಕ್ಕಡಿ ಬೆಳೆ, ಎರಡನೆಯದು ಮಸಾಲೆ.

ಈಗ ನಮ್ಮ ನೆಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಸಂಜೆಯ ಸಂತೆಯಲ್ಲಿ ನಿಂಬೆ, ಕಿತ್ತಳೆಗಳ ಜೊತೆ ದ್ರಾಕ್ಷಿಯನ್ನೂ ಕಂಡದ್ದಾಗಿ ಬರೆದಿದ್ದಾನೆ. ಅಂದರೆ ತುಂಗಭದ್ರೆಯ ದಂಡೆಗೆ ಈ ಹಣ್ಣು ಹೊಸದಲ್ಲ. ವೈನಿನ ಮಾತು ಬೇರೆ. ಕರ್ನಾಟಕ ತನ್ನ ವೈನ್ ನೀತಿಯನ್ನು ತಂದದ್ದು 2007ರಲ್ಲಿ. ಕೊಪ್ಪಳ ಜಿಲ್ಲೆಯ ಗುಡ್ಡಗಳ ನಡುವೆ ಕ್ರಸ್ಮಾ ಸಂಸ್ಥೆಯ ತೋಟ ಎದ್ದದ್ದೂ ಆ ಹೊತ್ತಿನಲ್ಲೇ. ಸೊವಿನ್ಯೊ ಬ್ಲಾಂಕ್‌ನಂತಹ ಜಾತಿಗಳು ಈ ಬಿಸಿಲಲ್ಲೂ ಬೆಳೆಯುತ್ತವೆ ಎಂಬುದು ಅದರಿಂದ ಗೊತ್ತಾಗಿದೆ. ಆದರೆ ಬಿಸಿಲಿನದೇ ಒಂದು ತಕರಾರಿದೆ. ಹಣ್ಣು ಮಾಗುವಾಗ ತಾಪ ಹೆಚ್ಚಾದಷ್ಟೂ ಅದರೊಳಗಿನ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ, ಸಕ್ಕರೆ ಏರುತ್ತದೆ, ವೈನ್ ಸಪ್ಪೆಯಾಗುತ್ತದೆ. ಹುಳಿಯನ್ನು ಹಿಡಿದಿಟ್ಟುಕೊಳ್ಳುವ ಶೆನಿನ್ ಬ್ಲಾಂಕ್‌ನಂಥ ಜಾತಿ, ಪರಿಮಳದ ಇನ್ನೊಂದು, ಮೈಕಟ್ಟಿನ ಮತ್ತೊಂದು ಸೇರುವುದು ಇಂಥ ಊರಲ್ಲಿ ಶೋಕಿಯಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುವ ದಾರಿ ಎಂದೇ ನನ್ನ ಅನಿಸಿಕೆ.

ವಿಯೆನ್ನಾದ ರೈತನಿಗೆ ಇಲ್ಲದ ಒಂದು ಅನುಕೂಲ ಇಲ್ಲಿನ ರೈತನ ಕೈಯಲ್ಲಿದೆ: ಮಾಗುವ ಕಾಲವನ್ನೇ ಹೊಂದಿಸಬಲ್ಲ ಕತ್ತರಿ. 48 ಡಿಗ್ರಿ ಉತ್ತರ ಅಕ್ಷಾಂಶದ ಚಳಿಯಲ್ಲಿ ಬಳ್ಳಿ ತಾನೇ ಮಲಗಿ ತಾನೇ ಏಳುತ್ತದೆ. 15 ಡಿಗ್ರಿಯ ಕೊಪ್ಪಳದಲ್ಲಿ ಅದಕ್ಕೆ ನಿದ್ದೆಯೇ ಇಲ್ಲದ್ದರಿಂದ ವರ್ಷಕ್ಕೆರಡು ಚಾಟ್ನಿ, ಅಂದರೆ ಬಳ್ಳಿಯ ಸವರುವಿಕೆ, ಮಾಡಬೇಕು: ಏಪ್ರಿಲ್ ಆಸುಪಾಸಿನದು ಕಡ್ಡಿ ಬೆಳೆಸಲು, ಸೆಪ್ಟೆಂಬರ್-ಅಕ್ಟೋಬರಿನದು ಹಣ್ಣಿಗೆ. ಹಣ್ಣಿನ ಚಾಟ್ನಿಯಾದ ಮೇಲೆ ಕಣ್ಣು (ಚಿಗುರುಮೊಗ್ಗು) ಒಡೆಯಲು ಹೈಡ್ರೋಜನ್ ಸೈನಮೈಡ್ ಎಂಬ ರಾಸಾಯನಿಕ ಹಚ್ಚುವುದೂ ರೂಢಿ. ಕೊಯ್ಲಿನ ದಿನವನ್ನು ಬಹುಮಟ್ಟಿಗೆ ಚಾಟ್ನಿಯ ದಿನವೇ ನಿರ್ಧರಿಸುವುದರಿಂದ, ತಡವಾಗಿ ಮಾಗುವ ಜಾತಿಗೆ ಮೊದಲು, ಬೇಗ ಮಾಗುವುದಕ್ಕೆ ಆಮೇಲೆ ಕತ್ತರಿ ಹಾಕಿದರೆ ಹಲವು ಜಾತಿಗಳನ್ನು ಜನವರಿಯ ತಂಪು ರಾತ್ರಿಗಳಲ್ಲೇ ಕೂಡಿ ಮಾಗಿಸಬಹುದು.

ತೊಡಕು ತೋಟದ್ದಲ್ಲ, ಗಿರಾಕಿಯದು. ವೈನರಿಗಳು ಸಾಮಾನ್ಯವಾಗಿ ಜಾತಿ ಮತ್ತು ಸಕ್ಕರೆ ಅಂಶ ನೋಡಿ ದರ ಕಟ್ಟುವುದರಿಂದ ಕಲೆತ ಗೊಂಚಲುಗಳಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. 2008ರ ಆರ್ಥಿಕ ಕುಸಿತದ ನಂತರ ನಾಸಿಕ್ ಕಡೆ ಖರೀದಿ ಕುಗ್ಗಿದಾಗ ಎಷ್ಟೋ ರೈತರು ವೈನ್ ದ್ರಾಕ್ಷಿಯನ್ನು ಕಿತ್ತುಹಾಕಿದರು. ಥಾಂಪ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ದ್ರಾಕ್ಷಿ ಬೆಳೆದವನಿಗೆ ಹಣ್ಣಿನ ಮಂಡಿ ಕೈಬಿಟ್ಟರೂ ಒಣದ್ರಾಕ್ಷಿಯ ಶೆಡ್ ಇದೆ. ಸೊವಿನ್ಯೊದ ಕಾಯಿ ಸಣ್ಣದು, ಒಳಗೆ ಬೀಜ. ವೈನರಿ ಒಲ್ಲೆ ಎಂದರೆ ಅದನ್ನು ಮಂಡಿಯಲ್ಲೂ ಕೊಳ್ಳುವವರಿಲ್ಲ, ಒಣಗಿಸಿದರೂ ಕೇಳುವವರಿಲ್ಲ.