ಆರ್ಕಿಟೆಕ್ಟ್ ತೀರ್ಮಾನ, ಟೂಲ್‌ಗಳ ಕಾವಲು: ಒಟ್ಟಿಗೆ ಓದಬೇಕಾದ ಎರಡು ಅಧ್ಯಾಯಗಳು

ಸಿಲಬಸ್‌ನಲ್ಲಿ ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳು. ಒಂದರಲ್ಲಿ ಎಡಿಟರ್, ಕಂಪೈಲರ್, ಡೀಬಗರ್, ಗಿಟ್, ಬಿಲ್ಡ್ ಟೂಲ್, ಟೆಸ್ಟ್ ಟೂಲ್ ಅಂತ ಪಟ್ಟಿ. ಇನ್ನೊಂದರಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಜವಾಬ್ದಾರಿಗಳ ಪಟ್ಟಿ. ಎರಡನ್ನೂ ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬಹುದು, ಆದರೆ ವಿಷಯ ಕೈಗೆ ಸಿಗುವುದಿಲ್ಲ. ಒಟ್ಟಿಗೆ ಓದಿದರೆ ಸಿಗುತ್ತದೆ. ಆರ್ಕಿಟೆಕ್ಟ್ ಕೆಲವು ದೊಡ್ಡ ತೀರ್ಮಾನಗಳನ್ನು ಮಾಡುತ್ತಾರೆ. ಆ ತೀರ್ಮಾನ ತಂಡದಲ್ಲಿ ಹೊಸಬರು ಬಂದ ಮೇಲೂ, ಡೆಡ್‌ಲೈನ್ ಒತ್ತಡ ಬಂದಾಗಲೂ ಉಳಿಯುವಂತೆ ನೋಡಿಕೊಳ್ಳುವುದು ಟೂಲ್‌ಗಳು. ಯಾವ ಟೂಲೂ ಕಾಯದ ತೀರ್ಮಾನ ಸ್ವಲ್ಪ ಕಾಲದಲ್ಲೇ ಬರೀ ಸ್ಲೈಡ್‌ನಲ್ಲಿ ಉಳಿದುಬಿಡುತ್ತದೆ.

ಯಾವುದು ಆರ್ಕಿಟೆಕ್ಚರ್ ತೀರ್ಮಾನ?

ನಾನು ಇಟ್ಟುಕೊಂಡಿರುವ ಅಳತೆ ಸರಳ: ಆಮೇಲೆ ಬದಲಾಯಿಸಲು ಹೋದರೆ ಎಷ್ಟು ಕಡೆ ಕೈ ಹಾಕಬೇಕಾಗುತ್ತದೆ? ಫಂಕ್ಷನ್ ಹೆಸರು ಬದಲಾಯಿಸುವುದು ಎಡಿಟರ್‌ನಲ್ಲಿ ಒಂದು ಕ್ಲಿಕ್. ಡೇಟಾ ಎಲ್ಲಿ ಇಡಬೇಕು, ಯಾವ ಭಾಗ ಯಾವುದರ ಜೊತೆ ಮಾತಾಡಬೇಕು, ಒಂದು ಭಾಗ ಬಿದ್ದರೆ ಉಳಿದವು ಏನು ಮಾಡಬೇಕು ಅನ್ನುವುದನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ.

ಒಂದು ಟಿಕೆಟ್ ಬುಕಿಂಗ್ ಸಿಸ್ಟಮ್ ತೆಗೆದುಕೊಳ್ಳೋಣ. ಇಬ್ಬರು ಒಂದೇ ಹೊತ್ತಿಗೆ 14ನೇ ಸೀಟನ್ನು ಒತ್ತಿದರು. ಹಣ ಕಟ್ಟಿದ ಮೇಲೆ ಸೀಟು ಕೊಡುತ್ತೇವೆ ಅಂದರೆ ಇಬ್ಬರೂ ಹಣ ಕಟ್ಟಿಬಿಡಬಹುದು, ಒಬ್ಬರಿಗೆ ವಾಪಸ್ ಮಾಡಬೇಕು. ಒತ್ತಿದ ಕೂಡಲೇ ಸೀಟು ಲಾಕ್ ಮಾಡಿದರೆ, ಸುಮ್ನೆ ನೋಡಿ ಹೋದವರ ಸೀಟುಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಮಧ್ಯದ ದಾರಿ: 10 ನಿಮಿಷ ಹಿಡಿದಿಡು, ಆಮೇಲೆ ಬಿಟ್ಟುಬಿಡು.

ಸುಲಭ ಅನ್ನಿಸುತ್ತದೆ ಅಲ್ವಾ? ಈಗ ಇದರ ಹಿಂದೆ ಬರುವ ಪ್ರಶ್ನೆಗಳನ್ನು ನೋಡಿ. ಹಿಡಿದಿಟ್ಟ ಸಮಯವನ್ನು ಎಲ್ಲಿ ಬರೆಯಬೇಕು? ಸರ್ವರ್ ಮೆಮೊರಿಯಲ್ಲಿ ಇಟ್ಟರೆ ಅದು ರೀಸ್ಟಾರ್ಟ್ ಆದಾಗ ಮಾಯ. ಎರಡು ಸರ್ವರ್ ಇದ್ದರೆ ಒಂದಕ್ಕೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಿಲ್ಲ. ಪಾವತಿ ಯಶಸ್ವಿ ಅನ್ನುವ ಸಂದೇಶ 11ನೇ ನಿಮಿಷಕ್ಕೆ ಬಂದರೆ? ಅದೇ ಸಂದೇಶ ಎರಡು ಸಲ ಬಂದರೆ? ನೆಟ್‌ವರ್ಕ್ ಕೈಕೊಟ್ಟಾಗ ಪೇಮೆಂಟ್ ಗೇಟ್‌ವೇಗಳು ಮತ್ತೆ ಕಳಿಸುವುದು ಮಾಮೂಲು. ಹಾಗಾಗಿ ಒಂದೇ ಸಂದೇಶ ಎಷ್ಟು ಸಲ ಬಂದರೂ ಟಿಕೆಟ್ ಒಂದೇ ಆಗುವಂತೆ ಪಾವತಿ ಭಾಗವನ್ನು ಬರೆಯಬೇಕು. ಹೀಗೆ 10 ನಿಮಿಷ ಅನ್ನುವ ಒಂದು ಮಾತು ಡೇಟಾಬೇಸ್ ಟೇಬಲ್, ಪಾವತಿ, ಸಂದೇಶ, ಹಣ ವಾಪಸಿ ಎಲ್ಲಕ್ಕೂ ಹರಡಿತು. ಆರ್ಕಿಟೆಕ್ಟ್ ಕೆಲಸ ಈ ಹರಡುವಿಕೆಯನ್ನು ಮೊದಲೇ ಕಾಣುವುದು.

ಪಾರ್ನಸ್ ಹೇಳಿದ ಮಾತು

1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ ಒಂದು ಪ್ರಬಂಧದಲ್ಲಿ ಒಂದೇ ಪ್ರೋಗ್ರಾಮನ್ನು ಎರಡು ರೀತಿ ಭಾಗ ಮಾಡಿ ತೋರಿಸಿದರು. ಸಾಲುಗಳನ್ನು ಓದಿ, ಪ್ರತಿ ಸಾಲಿನ ಪದಗಳನ್ನು ಸುತ್ತಿಸಿ (ಮೊದಲ ಪದವನ್ನು ಕೊನೆಗೆ ಹಾಕುತ್ತ ಹೋಗಿ), ಅಕಾರಾದಿಯಾಗಿ ಜೋಡಿಸಿ, ಪ್ರಿಂಟ್ ಮಾಡುವ ಸಣ್ಣ ಪ್ರೋಗ್ರಾಮ್ ಅದು. ಮೊದಲ ರೀತಿಯಲ್ಲಿ ಕೆಲಸದ ಹಂತ ಒಂದೊಂದೂ ಒಂದು ಮಾಡ್ಯೂಲ್: ಓದು, ಸುತ್ತಿಸು, ಜೋಡಿಸು, ಪ್ರಿಂಟ್ ಮಾಡು. ನಾವೆಲ್ಲ ಮೊದಲ ಸಲ ಬರೆಯುವುದು ಹೀಗೇ. ಎರಡನೇ ರೀತಿಯಲ್ಲಿ ಅವರು ಬೇರೆ ಪ್ರಶ್ನೆ ಕೇಳಿದರು: ನಾಳೆ ಬದಲಾಗಬಹುದಾದ್ದು ಯಾವುದು? ಅದನ್ನು ಒಂದು ಮಾಡ್ಯೂಲ್ ಒಳಗೆ ಮುಚ್ಚಿಡು.

ಸಾಲುಗಳನ್ನು ಮೆಮೊರಿಯಲ್ಲಿ ಇಡುವ ರೀತಿ ಬದಲಾದರೆ ಮೊದಲ ಕ್ರಮದಲ್ಲಿ ಹೆಚ್ಚುಕಡಿಮೆ ಎಲ್ಲ ಮಾಡ್ಯೂಲ್‌ಗಳನ್ನೂ ತಿದ್ದಬೇಕು. ಎರಡನೆಯದರಲ್ಲಿ ಒಂದನ್ನು ತಿದ್ದಿದರೆ ಸಾಕು. 50 ವರ್ಷದ ಮೇಲಾದರೂ ಇದಕ್ಕಿಂತ ಉಪಯೋಗಕ್ಕೆ ಬರುವ ಪಾಠ ಈ ವಿಷಯದಲ್ಲಿ ನನಗೆ ಸಿಕ್ಕಿಲ್ಲ. ಒಂದು ಪ್ರಬಂಧ ಮಾತ್ರ ಓದಲು ಸಮಯವಿದೆ ಅಂದರೆ ಅದನ್ನೇ ಓದಿ.

ಈಗ ಟೂಲ್‌ಗಳು

ಎಡಿಟರ್, ಡೀಬಗರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅವು ದಿನದ ಕೆಲಸಕ್ಕೆ ಬೇಕೇಬೇಕು, ಆದರೆ ಯಾರು ಯಾವ ಎಡಿಟರ್ ಬಳಸುತ್ತಾರೆ ಅನ್ನುವುದರಿಂದ ಸಿಸ್ಟಮ್‌ನ ಆಕಾರ ಬದಲಾಗುವುದಿಲ್ಲ. ಆಕಾರಕ್ಕೆ ಸಂಬಂಧಪಟ್ಟವು ಬಿಲ್ಡ್ ಟೂಲ್, ವರ್ಷನ್ ಕಂಟ್ರೋಲ್, ಆಮೇಲೆ ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ಮತ್ತು ಡಿಪ್ಲಾಯ್ಮೆಂಟ್ (ಕೋಡನ್ನು ಸರ್ವರ್‌ಗೆ ಹಾಕುವುದು).

ಬಿಲ್ಡ್ ಟೂಲ್ ಎಂದರೆ ಮೇಕ್‌ನಿಂದ ಶುರು ಮಾಡಬೇಕು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಅದರ ಹಿಂದಿನ ಕಾರಣ ಎಲ್ಲರಿಗೂ ಅರ್ಥವಾಗುತ್ತದೆ: ಅವರ ಸಹೋದ್ಯೋಗಿಯೊಬ್ಬರು ಸರಿಯಾಗಿದ್ದ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕುತ್ತ ಕೂತಿದ್ದರು. ಕೋಡ್ ತಿದ್ದಿಯಾಗಿತ್ತು, ಆದರೆ ತಿದ್ದಿದ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಮೇಕ್ ಮಾಡುವುದು ಇಷ್ಟು: ಯಾವ ಫೈಲ್ ಯಾವುದನ್ನು ಅವಲಂಬಿಸಿದೆ ಎಂದು ನೀವು ಬರೆದುಕೊಡುತ್ತೀರಿ, ಅದು ಫೈಲ್‌ಗಳ ಸಮಯ ಹೋಲಿಸಿ, ಹಳೆಯದಾದವನ್ನು ಮಾತ್ರ ಮತ್ತೆ ಕಟ್ಟುತ್ತದೆ.

ಇಲ್ಲಿ ಆರ್ಕಿಟೆಕ್ಟ್‌ಗೆ ಬೇಕಾದ್ದು ವೇಗಕ್ಕಿಂತ ಆ ಅವಲಂಬನೆಯ ಪಟ್ಟಿ. ಬೋರ್ಡ್ ಮೇಲೆ ಬರೆದ ಚಿತ್ರದಲ್ಲಿ ಬಾಣಗಳು ಚೆಂದವಾಗಿ ಮೇಲಿನಿಂದ ಕೆಳಗೆ ಬರುತ್ತವೆ. ನಿಜವಾದ ಬಾಣಗಳು ಇರುವುದು ಬಿಲ್ಡ್ ಫೈಲಿನಲ್ಲಿ. ಹೊಸ ಪ್ರಾಜೆಕ್ಟ್‌ಗೆ ಸೇರಿದರೆ ಮೊದಲು ಅದನ್ನು ತೆರೆಯಿರಿ. ಮೇವನ್ ಆಗಲಿ, ಗ್ರೇಡಲ್ ಆಗಲಿ, ಇನ್ಯಾವುದೇ ಆಗಲಿ, ಯಾವ ಮಾಡ್ಯೂಲ್ ಯಾವುದನ್ನು ಕರೆಯಬಹುದು ಅನ್ನುವುದು ಅಲ್ಲಿ ಬರೆದಿರುತ್ತದೆ.

ನಮ್ಮ ಬುಕಿಂಗ್ ಸಿಸ್ಟಮ್‌ಗೆ ವಾಪಸ್ ಬರೋಣ. ಬುಕಿಂಗ್ ಮಾಡ್ಯೂಲ್ ಪಾವತಿಯನ್ನು ಕರೆಯುತ್ತದೆ. ಹಣ ಬಂದ ಮೇಲೆ ಪಾವತಿ ಮಾಡ್ಯೂಲ್ ಸಂದೇಶ ಮಾಡ್ಯೂಲನ್ನು ಕರೆಯುತ್ತದೆ, ಅದು ಎಸ್‌ಎಂಎಸ್ ಕಳಿಸುತ್ತದೆ. ಒಂದು ದಿನ ಯಾರೋ ಎಸ್‌ಎಂಎಸ್‌ನಲ್ಲಿ ಸೀಟ್ ನಂಬರ್ ಕೂಡ ಬರಲಿ ಅನ್ನುತ್ತಾರೆ. ಸೀಟ್ ನಂಬರ್ ಇರುವುದು ಬುಕಿಂಗ್‌ನಲ್ಲಿ. ಸಂದೇಶ ಮಾಡ್ಯೂಲ್‌ನಲ್ಲಿ ಒಂದು ಸಾಲು ಇಂಪೋರ್ಟ್ ಬರೆದರೆ ಕೆಲಸ ಮುಗಿಯಿತು. ಆದರೆ ಈಗ ಬುಕಿಂಗ್‌ಗೆ ಪಾವತಿ ಬೇಕು, ಪಾವತಿಗೆ ಸಂದೇಶ ಬೇಕು, ಸಂದೇಶಕ್ಕೆ ಬುಕಿಂಗ್ ಬೇಕು. ಮೂರರಲ್ಲಿ ಯಾವುದನ್ನೂ ಒಂಟಿಯಾಗಿ ಟೆಸ್ಟ್ ಮಾಡಲು ಆಗುವುದಿಲ್ಲ. ಹೆಸರಿಗೆ ಮೂರು ಮಾಡ್ಯೂಲ್, ನಿಜದಲ್ಲಿ ಒಂದೇ ಗಂಟು.

ಇವು ಮೂರೂ ಜಾವಾದಲ್ಲಿ ಬರೀ ಪ್ಯಾಕೇಜ್‌ಗಳಾಗಿದ್ದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಅದೇ ಮೂರನ್ನು ಬೇರೆ ಬೇರೆ ಮೇವನ್ ಮಾಡ್ಯೂಲ್ ಮಾಡಿದ್ದರೆ, ಸುತ್ತು ಬಂದ ಕೂಡಲೇ ಬಿಲ್ಡ್ ನಿಂತುಹೋಗುತ್ತದೆ. ಗೋ ಭಾಷೆಯಲ್ಲಂತೂ ಪ್ಯಾಕೇಜ್‌ಗಳ ನಡುವೆಯೇ ಇಂಪೋರ್ಟ್ ಸುತ್ತು ನಿಷಿದ್ಧ. ಪ್ಯಾಕೇಜ್ ಸಾಕೋ, ಮಾಡ್ಯೂಲ್ ಬೇಕೋ ಅನ್ನುವ ಪ್ರಶ್ನೆಗೆ ಇಲ್ಲಿ ತೂಕ ಬರುತ್ತದೆ. ಮಾಡ್ಯೂಲ್ ಮಾಡಲು ಆಗದಿದ್ದರೆ ಜಾವಾದಲ್ಲಿ ಆರ್ಕ್‌ಯೂನಿಟ್ ಎಂಬ ಲೈಬ್ರರಿ ಇದೆ. ಸಂದೇಶ ಪ್ಯಾಕೇಜ್ ಬುಕಿಂಗ್ ಪ್ಯಾಕೇಜನ್ನು ಮುಟ್ಟಬಾರದು ಎಂದು ಅದರಲ್ಲಿ ಒಂದು ಟೆಸ್ಟ್ ಬರೆಯಬಹುದು. ಯಾರಾದರೂ ಮುಟ್ಟಿದರೆ ಸಿಐನಲ್ಲಿ ಟೆಸ್ಟ್ ಬೀಳುತ್ತದೆ. ಆರ್ಕಿಟೆಕ್ಟ್ ರಜೆಯಲ್ಲಿದ್ದರೂ ನಿಯಮ ಕೆಲಸ ಮಾಡುತ್ತದೆ.

ಪರಿಹಾರ? ಸಂದೇಶ ಮಾಡ್ಯೂಲ್ ಸೀಟ್ ನಂಬರನ್ನು ಹುಡುಕಿಕೊಂಡು ಹೋಗಬಾರದು. ಕಳಿಸಬೇಕಾದ ಮಾಹಿತಿಯನ್ನೆಲ್ಲ ಕರೆಯುವವರೇ ಅದರ ಕೈಗೆ ಕೊಡಬೇಕು. ಸಂದೇಶದಿಂದ ಬುಕಿಂಗ್‌ಗೆ ಹೋಗುತ್ತಿದ್ದ ಬಾಣ ಹೋಯಿತು, ಸುತ್ತು ಬಿಚ್ಚಿತು.

ಗಿಟ್ ಅನ್ನು ಇತಿಹಾಸದ ದಾಖಲೆಯಾಗಿ ಓದುವುದು

ಗಿಟ್ ಒಂದು ವರ್ಷನ್ ಕಂಟ್ರೋಲ್ ಟೂಲ್, ಅಂದರೆ ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವಂಥದ್ದು. ಲಿನಕ್ಸ್ ಕರ್ನಲ್ ತಂಡ ಮೊದಲು ಇದೇ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಟೂಲ್‌ನ ಉಚಿತ ಪರವಾನಗಿ 2005ರಲ್ಲಿ ನಿಂತಿತು. ಆಗ ಲೈನಸ್ ಟೊರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಗಿಟ್ ಶುರು ಮಾಡಿದರು. ಕಮಿಟ್, ಪುಶ್, ಮರ್ಜ್ ಎಲ್ಲರಿಗೂ ಗೊತ್ತು. ಎರಡು ಉಪಯೋಗಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಒಂದು, ಬೈಸೆಕ್ಟ್. ಹಿಂದೆ ಸರಿ ಇತ್ತು, ಈಗ ಕೆಟ್ಟಿದೆ, ನಡುವೆ 1000 ಕಮಿಟ್ (ದಾಖಲಾದ ಬದಲಾವಣೆಗಳು) ಇವೆ ಅಂದುಕೊಳ್ಳಿ. ಗಿಟ್ ಬೈಸೆಕ್ಟ್ ಪ್ರತಿ ಸಲ ನಡುವಿನದನ್ನು ತೆಗೆದುಕೊಟ್ಟು ಸರಿಯೋ ತಪ್ಪೋ ಎಂದು ಕೇಳುತ್ತದೆ. ಸುಮಾರು 10 ಸಲದಲ್ಲಿ ತಪ್ಪು ತಂದ ಕಮಿಟ್ ಸಿಗುತ್ತದೆ. ಆದರೆ ಪ್ರತಿ ಕಮಿಟ್ ಕೂಡ ಬಿಲ್ಡ್ ಆಗುವಂತಿದ್ದರೆ ಮಾತ್ರ ಇದು ಸಲೀಸು. ಅರ್ಧ ಕೆಲಸದ ಕಮಿಟ್‌ಗಳೇ ತುಂಬಿದ್ದರೆ ಟೂಲ್ ಇದ್ದೂ ಇಲ್ಲದ ಹಾಗೆ.

ಎರಡನೆಯದು ನನಗೆ ತುಂಬಾ ಇಷ್ಟ: ಯಾವ ಫೈಲ್‌ಗಳು ಯಾವಾಗಲೂ ಜೊತೆಯಲ್ಲೇ ಬದಲಾಗುತ್ತವೆ ಎಂದು ಗಿಟ್ ಲಾಗ್‌ನಲ್ಲಿ ನೋಡುವುದು. ಹಣ ವಾಪಸಿ ಫೈಲ್ ಬದಲಾದಾಗಲೆಲ್ಲ ವರದಿ ಫೈಲೂ ಬದಲಾಗಿದೆ, ಆದರೆ ಕೋಡಿನಲ್ಲಿ ಒಂದು ಇನ್ನೊಂದನ್ನು ಕರೆಯುವುದೇ ಇಲ್ಲ ಅಂದುಕೊಳ್ಳಿ. ಹಾಗಿದ್ದರೆ ಒಂದೇ ನಿಯಮ ಎರಡು ಕಡೆ ಬರೆದಿರಬಹುದು, ಅಥವಾ ಒಂದೇ ಟೇಬಲ್ಲಿನ ಕಾಲಮ್‌ಗೆ ಇಬ್ಬರೂ ಅಂಟಿಕೊಂಡಿರಬಹುದು. ಪಾರ್ನಸ್ ಹೇಳಿದ ಮುಚ್ಚಿಡಬೇಕಾದ ತೀರ್ಮಾನ ಸೋರಿಹೋಗಿರುವ ಜಾಗ ಅದು. ಬಿಲ್ಡ್ ಫೈಲಿನಲ್ಲಿ ಕಾಣದ ಬಾಣ ಲಾಗ್‌ನಲ್ಲಿ ಕಾಣುತ್ತದೆ.

ಲೆಕ್ಕ ಹಾಕುವುದೂ ಈ ಕೆಲಸದ ಭಾಗ

ಶೇ. 99.9 ಲಭ್ಯತೆ ಅಂದರೆ ಕೇಳಲು ಚೆಂದ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಸಾವಿರಕ್ಕೆ ಒಂದು ಪಾಲು ಅಂದರೆ ಸುಮಾರು 8 ಗಂಟೆ 45 ನಿಮಿಷ ಸಿಸ್ಟಮ್ ಬಂದ್. ಈಗ ಬುಕಿಂಗ್, ಪಾವತಿ, ಸಂದೇಶ ಮೂರೂ ಸಾಲಾಗಿ ನಿಂತು, ಒಂದರ ಉತ್ತರಕ್ಕೆ ಇನ್ನೊಂದು ಕಾಯುತ್ತಿವೆ ಅಂದುಕೊಳ್ಳಿ. ಪ್ರತಿಯೊಂದೂ ಶೇ. 99.9 ಇದ್ದು, ಒಂದರ ತೊಂದರೆಗೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ ಮೂರನ್ನೂ ಗುಣಿಸಬೇಕು. ಬರುವುದು ಸುಮಾರು ಶೇ. 99.7. ವರ್ಷಕ್ಕೆ 26 ಗಂಟೆ ಬಂದ್.

ಎಸ್‌ಎಂಎಸ್ ಹೋಗದಿದ್ದರೆ ಟಿಕೆಟ್ಟೇ ಕೊಡಬಾರದಾ? ಎರಡು ನಿಮಿಷ ತಡವಾಗಿ ಬಂದರೂ ನಡೆಯುತ್ತದೆ. ಸಂದೇಶವನ್ನು ಕ್ಯೂಗೆ ಹಾಕಿ ಮುಂದೆ ಹೋದರೆ ಸಾಲಿನಲ್ಲಿ ಉಳಿಯುವುದು ಎರಡು, ಬಂದ್ ಆಗುವ ಸಮಯ ಸುಮಾರು ಹದಿನೇಳೂವರೆ ಗಂಟೆಗೆ ಇಳಿಯುತ್ತದೆ. ಕ್ಯೂ ಬಂದರೆ ಅದನ್ನೂ ನೋಡಿಕೊಳ್ಳಬೇಕು, ಅದು ತುಂಬಿದರೆ ಗೊತ್ತಾಗಬೇಕು. ಬಿಟ್ಟಿಯಾಗಿ ಏನೂ ಸಿಗುವುದಿಲ್ಲ. ಈ ಕೊಡು-ಕೊಳ್ಳುವಿಕೆಯನ್ನು ಅಂಕಿ ಹಾಕಿ ತಂಡದ ಮುಂದೆ ಇಡುವುದು ಆರ್ಕಿಟೆಕ್ಟ್ ಜವಾಬ್ದಾರಿ.

45 ನಿಮಿಷಗಳ ಪಾಠ

ಅಮೆರಿಕದ ಷೇರು ವ್ಯಾಪಾರ ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ 2012ರ ಆಗಸ್ಟ್ 1ರಂದು ನಡೆದದ್ದನ್ನು ಪ್ರತಿ ವಿದ್ಯಾರ್ಥಿಯೂ ನಿಧಾನವಾಗಿ ಓದಬೇಕು. ಹೊಸ ಕೋಡನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು. ಕೈಯಿಂದ ಹಾಕುವಾಗ ಒಂದು ಸರ್ವರ್ ಬಿಟ್ಟುಹೋಯಿತು. ಇನ್ನೊಬ್ಬರು ಪರಿಶೀಲಿಸಬೇಕು ಎಂಬ ನಿಯಮವೂ ಇರಲಿಲ್ಲ. ಹೊಸ ಕೋಡ್ ಒಂದು ಹಳೆಯ ಫ್ಲ್ಯಾಗ್ (ಕೋಡಿನ ಒಂದು ಭಾಗವನ್ನು ಆನ್ ಮಾಡುವ ಗುರುತು) ಅನ್ನೇ ಬೇರೆ ಅರ್ಥಕ್ಕೆ ಬಳಸುತ್ತಿತ್ತು. ಬಿಟ್ಟುಹೋದ ಸರ್ವರ್‌ನಲ್ಲಿ ಅದೇ ಫ್ಲ್ಯಾಗ್ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡನ್ನು ಎಬ್ಬಿಸಿತು. ಅದು ನಿಲ್ಲದೆ ಆರ್ಡರ್‌ಗಳನ್ನು ಕಳಿಸುತ್ತಲೇ ಹೋಯಿತು. ಮಾರುಕಟ್ಟೆ ತೆರೆಯುವ ಮೊದಲೇ ಸಿಸ್ಟಮ್ ತಾನಾಗಿ 97 ಇಮೇಲ್ ಕಳಿಸಿತ್ತು. ಅವು ಎಚ್ಚರಿಕೆ ಎಂದು ರೂಪಿಸಿದವಲ್ಲ, ಹಾಗಾಗಿ ಯಾರೂ ಅದರ ಮೇಲೆ ಕೆಲಸ ಮಾಡಲಿಲ್ಲ. ಗಾಬರಿಯಲ್ಲಿ ಉಳಿದ 7 ಸರ್ವರ್‌ಗಳಿಂದ ಹೊಸ ಕೋಡನ್ನು ತೆಗೆದಾಗ ಅವೂ ಹಳೆಯ ಕೋಡ್ ಓಡಿಸತೊಡಗಿದವು. ಸುಮಾರು 45 ನಿಮಿಷದ ಆಟಕ್ಕೆ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು.

ತಪ್ಪು ಟೂಲ್‌ನದಾ, ಆರ್ಕಿಟೆಕ್ಚರ್‌ನದಾ? ಬೇರೆ ಮಾಡಲು ಪ್ರಯತ್ನಿಸಿ ನೋಡಿ. ಡಿಪ್ಲಾಯ್ಮೆಂಟ್ ಸ್ಕ್ರಿಪ್ಟ್ ಎಂಟೂ ಸರ್ವರ್‌ಗಳ ವರ್ಷನ್ ಹೋಲಿಸಿ, ಒಂದು ಬೇರೆ ಇದ್ದರೂ ನಿಂತಿದ್ದರೆ ಇದು ಆಗುತ್ತಿರಲಿಲ್ಲ. ಸತ್ತ ಕೋಡನ್ನು ತೆಗೆದುಹಾಕಿದ್ದರೂ ಆಗುತ್ತಿರಲಿಲ್ಲ. ಫ್ಲ್ಯಾಗ್‌ಗೆ ಹೊಸ ಅರ್ಥ ಕೊಡುವ ಬದಲು ಹೊಸ ಫ್ಲ್ಯಾಗ್ ಮಾಡಿದ್ದರೂ ಆಗುತ್ತಿರಲಿಲ್ಲ. ನನ್ನ ಮಟ್ಟಿಗೆ, ಡಿಪ್ಲಾಯ್ಮೆಂಟ್ ನಮ್ಮ ವಿಭಾಗದ್ದಲ್ಲ ಎನ್ನುವ ಆರ್ಕಿಟೆಕ್ಟ್ ಅರ್ಧ ಸಿಸ್ಟಮನ್ನು ಮಾತ್ರ ನೋಡುತ್ತಿದ್ದಾರೆ.

ತಂಡ, ಮತ್ತು ಬರೆದಿಡುವ ಅಭ್ಯಾಸ

1968ರಲ್ಲಿ ಮೆಲ್ವಿನ್ ಕಾನ್ವೇ ಒಂದು ವಿಷಯ ಗಮನಿಸಿದರು. ಒಂದು ಸಂಸ್ಥೆಯಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೋ, ಅದೇ ಆಕಾರ ಅವರು ಕಟ್ಟುವ ಸಿಸ್ಟಮ್‌ಗೂ ಬರುತ್ತದೆ. ಪಾವತಿ ತಂಡ, ಬುಕಿಂಗ್ ತಂಡ ತಿಂಗಳಿಗೊಮ್ಮೆ ಭೇಟಿಯಾಗುತ್ತವೆ ಅಂದರೆ ಆ ಎರಡರ ನಡುವಿನ ಎಪಿಐ (ಒಂದು ಭಾಗ ಇನ್ನೊಂದನ್ನು ಕರೆಯುವ ಒಪ್ಪಿತ ರೀತಿ) ಪದೇ ಪದೇ ಬದಲಾಗುವಂತೆ ಇರಬಾರದು. ಗಿಟ್ ಕೋಡನ್ನು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಕೋಡ್‌ಓನರ್ಸ್ ಎಂಬ ಫೈಲ್ ಇದೆ. ಯಾವ ಫೋಲ್ಡರ್ ಬದಲಾದರೆ ಯಾವ ತಂಡ ನೋಡಬೇಕು ಎಂದು ಅದರಲ್ಲಿ ಬರೆಯುತ್ತಾರೆ. ಅದನ್ನು ಓದಿದರೆ ಕಾನ್ವೇ ಹೇಳಿದ್ದು ಕಣ್ಣಿಗೆ ಕಾಣುತ್ತದೆ.

ಇನ್ನು ತೀರ್ಮಾನದ ದಾಖಲೆ. 2011ರಲ್ಲಿ ಮೈಕೆಲ್ ನೈಗಾರ್ಡ್ ಜನಪ್ರಿಯ ಮಾಡಿದ ಪುಟ್ಟ ನಮೂನೆ ಇದೆ, ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಅನ್ನುತ್ತಾರೆ. ಕೋಡಿನ ಜೊತೆಯಲ್ಲೇ ಗಿಟ್‌ನಲ್ಲಿ ಇಡುವ ಒಂದೆರಡು ಪುಟದ ಫೈಲ್. ನಮ್ಮ ಸೀಟಿಗೆ ಬರೆದರೆ ಹೀಗಿರುತ್ತದೆ:

ಶೀರ್ಷಿಕೆ: ಆಯ್ದ ಸೀಟನ್ನು 10 ನಿಮಿಷ ಹಿಡಿದಿಡುವುದು.
ಸ್ಥಿತಿ: ಒಪ್ಪಿದೆ.
ಸಂದರ್ಭ: ಒಂದೇ ಸೀಟಿಗೆ ಇಬ್ಬರು ಹಣ ಕಟ್ಟುವ ಸಾಧ್ಯತೆ ಇದೆ. ಸರ್ವರ್‌ಗಳು ಒಂದಕ್ಕಿಂತ ಹೆಚ್ಚು.
ತೀರ್ಮಾನ: ಬಿಡುಗಡೆಯ ಸಮಯವನ್ನು ಡೇಟಾಬೇಸ್‌ನಲ್ಲಿ ಸೀಟಿನ ಸಾಲಿನಲ್ಲೇ ಬರೆಯುತ್ತೇವೆ.
ಪರಿಣಾಮ: ತಡವಾಗಿ ಬಂದ ಪಾವತಿಗೆ ಸೀಟು ಖಾಲಿ ಇದ್ದರೆ ಕೊಡುತ್ತೇವೆ, ಇಲ್ಲದಿದ್ದರೆ ಹಣ ವಾಪಸ್. ಡೇಟಾಬೇಸ್ ಮೇಲೆ ಹೊರೆ ಹೆಚ್ಚುತ್ತದೆ.

ಕೊನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ಕೆಟ್ಟ ಪರಿಣಾಮವನ್ನೂ ಬರೆದ ದಾಖಲೆಯೇ ಮುಂದೆ ಬರುವವರಿಗೆ ಕೆಲಸಕ್ಕೆ ಬರುವುದು. ತೀರ್ಮಾನ ಬದಲಾದರೆ ಹಳೆಯದನ್ನು ಅಳಿಸಬೇಡಿ. ಹೊಸ ಫೈಲ್ ಬರೆದು, ಹಳೆಯದರ ಸ್ಥಿತಿಯಲ್ಲಿ ಹೊಸದರ ನಂಬರ್ ಹಾಕಿ.

ಅಭ್ಯಾಸಕ್ಕೆ

ಒಂದು ಮಧ್ಯಮ ಗಾತ್ರದ ಓಪನ್ ಸೋರ್ಸ್ ಪ್ರಾಜೆಕ್ಟ್ ಆರಿಸಿ ಕ್ಲೋನ್ ಮಾಡಿ. ಅದರ ದಾಖಲೆಯಲ್ಲಿರುವ ಚಿತ್ರವನ್ನು ಮೊದಲು ನೋಡಬೇಡಿ. ಬಿಲ್ಡ್ ಫೈಲ್ ಓದಿ ಮಾಡ್ಯೂಲ್ ಮತ್ತು ಬಾಣಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಇತ್ತೀಚಿನ ಕೆಲವು ನೂರು ಕಮಿಟ್ ನೋಡಿ, ಜೊತೆಯಲ್ಲೇ ಬದಲಾಗುವ ಫೈಲ್‌ಗಳ ನಡುವೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ಈಗ ಅವರ ಚಿತ್ರ ತೆರೆಯಿರಿ. ಎರಡೂ ಹೊಂದದ ಜಾಗ ಸಿಕ್ಕರೆ ಆ ಸಾಲಿನ ಮೇಲೆ ಗಿಟ್ ಬ್ಲೇಮ್ (ಪ್ರತಿ ಸಾಲನ್ನು ಕೊನೆಗೆ ಬದಲಾಯಿಸಿದ ಕಮಿಟ್ ತೋರಿಸುವ ಆಜ್ಞೆ) ಓಡಿಸಿ, ಯಾವ ಕಮಿಟ್‌ನಲ್ಲಿ, ಯಾವ ಕಾರಣಕ್ಕೆ ಬಂತು ಎಂದು ಓದಿ. ಕಾರಣ ಅಲ್ಲಿ ಬರೆದಿಲ್ಲದಿದ್ದರೆ ಅದಕ್ಕೊಂದು ಎಡಿಆರ್ ನೀವೇ ಬರೆದು ನೋಡಿ.